ಯುರೋಪಿನ ಮಾಟಗಾತಿ ವಿಚಾರಣೆಗಳು ಮತ್ತು ಪುರಾವೆಯ ಪ್ರಶ್ನೆ

ಮಾಟಗಾತಿಯರೆಂದು ಹೆಣ್ಣುಮಕ್ಕಳನ್ನು ಸುಟ್ಟ ಕಾಲ ಎಂದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಅಕ್ಷರ ಬಾರದ ಹಳ್ಳಿಯ ಜನ, ಕೈಯಲ್ಲಿ ಪಂಜು, ಬಾಯಲ್ಲಿ ಕೂಗು, ಸುತ್ತಲೂ ಕತ್ತಲೆ. ‘ಅಂಧಕಾರ ಯುಗ’ ಎಂಬ ಪಾಠ ಓದಿದ ವಿದ್ಯಾರ್ಥಿಗಳು ಈ ಘಟನೆಗಳನ್ನೂ ಅದೇ ಚೀಲಕ್ಕೆ ತುಂಬಿಬಿಡುತ್ತಾರೆ. ದಾಖಲೆಗಳು ಹೇಳುವ ಕಥೆ ಬೇರೆ. ಯುರೋಪಿನಲ್ಲಿ ಈ ವಿಚಾರಣೆಗಳು ಹೆಚ್ಚಾಗಿ ನಡೆದದ್ದು 1450ರಿಂದ 1750ರವರೆಗೆ. ಅದರಲ್ಲೂ ಅತಿ ಹೆಚ್ಚು ಜನರು ಪ್ರಾಣ ಕಳೆದುಕೊಂಡದ್ದು 1560ರಿಂದ 1630ರ ನಡುವೆ. ಅಷ್ಟರಲ್ಲಿ ಮುದ್ರಣಯಂತ್ರ ಬಂದು ನೂರು ವರ್ಷ ದಾಟಿತ್ತು. ದೊಡ್ಡ ಪಟ್ಟಣಗಳಲ್ಲಿ ವಿಶ್ವವಿದ್ಯಾಲಯಗಳಿದ್ದವು. 1609ರಲ್ಲಿ ಗೆಲಿಲಿಯೊ ದೂರದರ್ಶಕವನ್ನು ಆಕಾಶದತ್ತ ತಿರುಗಿಸಿದ ವರ್ಷದಲ್ಲೇ ಫ್ರಾನ್ಸಿನ ಒಂದು ಮೂಲೆಯಲ್ಲಿ ಮಾಟಗಾತಿಯರನ್ನು ಹುಡುಕಲು ರಾಜನ ನ್ಯಾಯಾಧೀಶರು ಹೊರಟಿದ್ದರು.

ಸತ್ತವರ ಸಂಖ್ಯೆಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. 90 ಲಕ್ಷ ಜನರನ್ನು ಸುಟ್ಟರೆಂಬ ಲೆಕ್ಕ ಈಗಲೂ ಕೆಲವು ಪುಸ್ತಕಗಳಲ್ಲಿ ಕಾಣುತ್ತದೆ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಲೇಖಕನೊಬ್ಬ ತನ್ನ ಊರಿನ ಕೆಲವೇ ದಾಖಲೆಗಳನ್ನು ಹಿಡಿದು, ಇಡೀ ಯುರೋಪಿಗೆ ಗುಣಿಸಿ ತೆಗೆದ ಸಂಖ್ಯೆ ಅದು. ನ್ಯಾಯಾಲಯಗಳ ಕಡತಗಳನ್ನು ಒಂದೊಂದಾಗಿ ಎಣಿಸಿದ ಇತ್ತೀಚಿನ ಇತಿಹಾಸಕಾರರ ಅಂದಾಜು 40 ಸಾವಿರದಿಂದ 60 ಸಾವಿರ. ಇವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಐಸ್‌ಲ್ಯಾಂಡಿನಂಥ ಕೆಲವು ಕಡೆ ಮಾತ್ರ ಗಂಡಸರೇ ಹೆಚ್ಚು. ಸತ್ತವರಲ್ಲಿ ಅರ್ಧದಷ್ಟು ಜನ ಇಂದಿನ ಜರ್ಮನಿ ಮತ್ತು ಅದರ ಸುತ್ತಲ ಪ್ರದೇಶದವರು. ಸಂಖ್ಯೆ ಚಿಕ್ಕದಾಯಿತೆಂದು ಅನ್ಯಾಯ ಚಿಕ್ಕದಾಗುವುದಿಲ್ಲ. ಆದರೆ ಪುರಾವೆಯಿಲ್ಲದ ಆರೋಪದ ಬಗ್ಗೆ ಬರೆಯುವವರು ತಾವೇ ಪುರಾವೆಯಿಲ್ಲದ ಲೆಕ್ಕ ಕೊಡಬಾರದಷ್ಟೆ.

ಈ ಶಿಕ್ಷೆಗಳನ್ನು ವಿಧಿಸಿದವರು ಯಾರು? ಕಾನೂನು ಓದಿದ ನ್ಯಾಯಾಧೀಶರು, ದೇವಶಾಸ್ತ್ರದ ಪಂಡಿತರು, ಪುರಸಭೆಯ ಹಿರಿಯರು, ಸಂಸ್ಥಾನಗಳ ಒಡೆಯರು. ಬಹುಪಾಲು ಮರಣದಂಡನೆಗಳನ್ನು ಕೊಟ್ಟದ್ದು ಚರ್ಚಿನ ನ್ಯಾಯಪೀಠಗಳಿಗಿಂತ ಹೆಚ್ಚಾಗಿ ರಾಜ್ಯದ ನ್ಯಾಯಾಲಯಗಳು. ಕ್ಯಾಥೊಲಿಕ್ ಪ್ರದೇಶಗಳಲ್ಲೂ ಪ್ರಾಟೆಸ್ಟೆಂಟ್ ಪ್ರದೇಶಗಳಲ್ಲೂ ಇದು ನಡೆಯಿತು. ಇವರಲ್ಲಿ ಹೆಚ್ಚಿನವರು ತಮ್ಮನ್ನು ಕ್ರೂರಿಗಳೆಂದು ಎಣಿಸಿರಲಿಲ್ಲ. ಊರನ್ನು, ಬೆಳೆಯನ್ನು, ಮಕ್ಕಳನ್ನು, ಕೊನೆಗೆ ಆರೋಪಿಯ ಆತ್ಮವನ್ನೂ ಕಾಪಾಡುತ್ತಿದ್ದೇವೆಂದು ನಂಬಿದ್ದರು. ಈ ನಂಬಿಕೆ ಹೇಗೆ ಕಟ್ಟಲ್ಪಟ್ಟಿತು, ಅದನ್ನು ಯಾರು ಹೇಗೆ ಕೆಡವಿದರು ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ವಿಚಿತ್ರವೆನಿಸುವ ಒಂದು ಸಂಗತಿ. ಆರಂಭದ ಶತಮಾನಗಳಲ್ಲಿ ಕ್ರೈಸ್ತ ಯುರೋಪಿನ ಕಾನೂನು ಇದಕ್ಕೆ ತೀರ ವಿರುದ್ಧವಾಗಿತ್ತು. 8ನೇ ಶತಮಾನದ ಕೊನೆಯಲ್ಲಿ ಚಾರ್ಲ್‌ಮೇನ್ ಚಕ್ರವರ್ತಿ ತಾನು ಗೆದ್ದ ಸ್ಯಾಕ್ಸನ್ ನಾಡಿಗೆ ಒಂದು ಕಾನೂನು ಮಾಡಿದ. ಯಾರನ್ನಾದರೂ ಮನುಷ್ಯರನ್ನು ತಿನ್ನುವ ಮಾಟಗಾತಿಯೆಂದು ನಂಬಿ ಸುಟ್ಟವನಿಗೇ ಆ ಕಾನೂನಿನಲ್ಲಿ ಮರಣದಂಡನೆ ಇತ್ತು. ಅಂಥ ನಂಬಿಕೆಯನ್ನು ಹಳೆಯ ಕಾಲದ ಅಜ್ಞಾನವೆಂದೇ ಅದು ಪರಿಗಣಿಸಿತ್ತು. ಸುಮಾರು 906ರಲ್ಲಿ ಪ್ರ್ಯೂಮ್ ಮಠದ ರೆಗಿನೊ ಸಂಗ್ರಹಿಸಿದ ಚರ್ಚಿನ ನಿಯಮವೊಂದು, ರಾತ್ರಿ ಹೊತ್ತು ಪ್ರಾಣಿಗಳ ಮೇಲೇರಿ ಆಕಾಶದಲ್ಲಿ ಸಂಚರಿಸುತ್ತೇವೆಂದು ಕೆಲವು ಹೆಂಗಸರು ಹೇಳುವುದು ಬರೀ ಭ್ರಮೆ, ಅದನ್ನು ನಿಜವೆಂದು ನಂಬುವವನೇ ದಾರಿ ತಪ್ಪಿದವನು ಎಂದು ಹೇಳುತ್ತದೆ. ಐದು ಶತಮಾನಗಳಿಗೂ ಹೆಚ್ಚು ಕಾಲ ಪಾದ್ರಿಗಳು ಓದಿದ್ದು ಇದನ್ನೇ.

ಹಾಗಾದರೆ 15ನೇ ಶತಮಾನದಲ್ಲಿ ಬದಲಾದದ್ದೇನು? ಹಳ್ಳಿಗಳಲ್ಲಿ ಮಾಟದ ದೂರುಗಳು ಹಿಂದಿನಿಂದಲೂ ಇದ್ದವು. ನೆರೆಮನೆಯವಳ ಕಣ್ಣು ಬಿದ್ದು ಹಸು ಹಾಲು ನಿಲ್ಲಿಸಿತು, ಮಗುವಿಗೆ ಜ್ವರ ಬಂತು, ಆಲಿಕಲ್ಲು ಬಿದ್ದು ಬೆಳೆ ಹೋಯಿತು ಎಂಬಂಥವು. ಇವು ಒಬ್ಬ ನೆರೆಯವರ ಮೇಲೆ ಇನ್ನೊಬ್ಬ ನೆರೆಯವರು ತರುವ ದೂರುಗಳು. 15ನೇ ಶತಮಾನದ ಪಂಡಿತರು ಈ ಚಿಲ್ಲರೆ ದೂರುಗಳನ್ನೆಲ್ಲ ಒಂದು ದೊಡ್ಡ ಪಿತೂರಿಯ ದಾರಕ್ಕೆ ಪೋಣಿಸಿದರು. ಮಾಟಗಾತಿಯರು ಒಬ್ಬೊಬ್ಬರಾಗಿ ಇಲ್ಲ, ಒಂದು ಗುಪ್ತ ಪಂಗಡವಾಗಿದ್ದಾರೆ, ಸೈತಾನನೊಂದಿಗೆ ಕರಾರು ಮಾಡಿಕೊಂಡಿದ್ದಾರೆ, ರಾತ್ರಿ ಸಭೆ ಸೇರುತ್ತಾರೆ, ಇಡೀ ಸಮಾಜವನ್ನು ನಾಶಮಾಡಲು ಹೊಂಚು ಹಾಕಿದ್ದಾರೆ ಎಂಬ ಕಲ್ಪನೆ ಹುಟ್ಟಿತು. ನೆರೆಯವರಿಗೆ ಮಾಡಿದ ಕೇಡು ಹೀಗೆ ದೇವದ್ರೋಹವಾಯಿತು. ಸಭೆ ಎಂದ ಮೇಲೆ ಅಲ್ಲಿ ಬೇರೆಯವರೂ ಇರಲೇಬೇಕಲ್ಲ? ಆದ್ದರಿಂದ ಸಿಕ್ಕಿಬಿದ್ದ ಪ್ರತಿಯೊಬ್ಬರನ್ನೂ, “ಅಲ್ಲಿ ಇನ್ನು ಯಾರ್ಯಾರಿದ್ದರು?” ಎಂದು ಕೇಳುವ ಪದ್ಧತಿ ಬಂತು. ಮುಂದಿನ ಅನಾಹುತಕ್ಕೆಲ್ಲ ಈ ಒಂದು ಪ್ರಶ್ನೆಯೇ ಬೇರು.

ಈ ಬದಲಾವಣೆಯಲ್ಲಿ ಹೈನ್ರಿಖ್ ಕ್ರಾಮರ್ ಎಂಬ ಡೊಮಿನಿಕನ್ ಸನ್ಯಾಸಿಯ ಪಾತ್ರ ದೊಡ್ಡದು. 1484ರ ಡಿಸೆಂಬರಿನಲ್ಲಿ ಪೋಪ್ 8ನೇ ಇನ್ನೊಸೆಂಟ್ ಅವರಿಂದ ಅಧಿಕಾರಪತ್ರ ಪಡೆದು, ಮರುವರ್ಷ ಇನ್ಸ್‌ಬ್ರುಕ್ ಪಟ್ಟಣದಲ್ಲಿ ಆತ ವಿಚಾರಣೆ ಆರಂಭಿಸಿದ. ಹೆಲೆನಾ ಶೋಯ್ಬರಿನ್ ಎಂಬ ಗೃಹಿಣಿ ಬಾಯಿ ಜೋರಿನವಳು, ಕ್ರಾಮರನ ಪ್ರವಚನಗಳನ್ನು ಬಹಿರಂಗವಾಗಿ ಖಂಡಿಸಿದವಳು. ಅವಳ ಮೇಲೂ ಇನ್ನು ಕೆಲವರ ಮೇಲೂ ಆತ ಮಾಟದ ಆರೋಪ ಹೊರಿಸಿದ. ವಿಚಾರಣೆಯಲ್ಲಿ ಮಾಟದ ವಿಷಯ ಬಿಟ್ಟು ಆಕೆಯ ಖಾಸಗಿ ಬದುಕಿನ ಬಗ್ಗೆ ಕೇಳತೊಡಗಿದಾಗ, ಅಲ್ಲಿದ್ದ ಬಿಷಪ್ಪರ ಪ್ರತಿನಿಧಿಯೇ ಆಕ್ಷೇಪಿಸಿದ. ಕ್ರಮ ಸರಿಯಿಲ್ಲವೆಂದು ವಿಚಾರಣೆ ಬಿದ್ದುಹೋಯಿತು. ಹೆಲೆನಾ ಬಿಡುಗಡೆಯಾದಳು. ಬಿಷಪ್ ಗೋಲ್ಸರ್, ಊರು ಬಿಟ್ಟು ಹೊರಡುವಂತೆ ಕ್ರಾಮರನಿಗೆ ಪತ್ರ ಬರೆದರು.

ಅವಮಾನಗೊಂಡ ಕ್ರಾಮರ್ ಕುಳಿತು ಪುಸ್ತಕ ಬರೆದ. ‘ಮಲ್ಲೇಯುಸ್ ಮಲೆಫಿಕಾರುಮ್’ ಎಂದು ಅದರ ಹೆಸರು; ‘ಮಾಟಗಾತಿಯರ ಸುತ್ತಿಗೆ’ ಎಂದರ್ಥ. 1486ರ ಹೊತ್ತಿಗೆ ಅಚ್ಚಾಯಿತು. ಪೋಪರ ಪತ್ರವನ್ನು ಮುನ್ನುಡಿಯಂತೆ ಮುಂದೆ ಸೇರಿಸಿಕೊಂಡದ್ದರಿಂದ, ಇಡೀ ಪುಸ್ತಕಕ್ಕೇ ಪೋಪರ ಒಪ್ಪಿಗೆ ಇದೆಯೆಂದು ಓದುಗರು ತಿಳಿದರು. ಮುಂದಿನ ಇನ್ನೂರು ವರ್ಷಗಳಲ್ಲಿ ಅದು ಮತ್ತೆ ಮತ್ತೆ ಅಚ್ಚಾಯಿತು.

ಭಾಷೆ ಕಲಿಸುವವನಾದ್ದರಿಂದ ಈ ಪುಸ್ತಕದ ಒಂದು ವಾದವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹೆಂಗಸಿಗೆ ಲ್ಯಾಟಿನ್ ಭಾಷೆಯಲ್ಲಿ ‘ಫೆಮಿನಾ’ ಎನ್ನುತ್ತಾರೆ. ಇದು ‘ಫೆ’ ಅಂದರೆ ಶ್ರದ್ಧೆ, ‘ಮಿನುಸ್’ ಅಂದರೆ ಕಡಿಮೆ ಎಂಬ ಎರಡು ಪದಗಳಿಂದ ಆದದ್ದು, ಆದ್ದರಿಂದ ಹೆಂಗಸಿನಲ್ಲಿ ಹುಟ್ಟಿನಿಂದಲೇ ಶ್ರದ್ಧೆ ಕಡಿಮೆ ಎಂದು ಪುಸ್ತಕ ವಾದಿಸುತ್ತದೆ. ಈ ನಿಷ್ಪತ್ತಿ ಶುದ್ಧ ಸುಳ್ಳು. ‘ಫೆಮಿನಾ’ದ ಮೂಲ ಧಾತುವಿಗೆ ಹಾಲೂಡುವುದು ಎಂಬ ಅರ್ಥವಿದೆ, ಶ್ರದ್ಧೆಗೂ ಅದಕ್ಕೂ ಸಂಬಂಧವೇ ಇಲ್ಲ. ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದ ಹುಡುಗನಿಗೆ ಸೊನ್ನೆ ಸಿಗುತ್ತದೆ. ಕ್ರಾಮರನಿಗೆ ಇನ್ನೂರು ವರ್ಷಗಳ ಓದುಗರು ಸಿಕ್ಕರು. ಪುಸ್ತಕದ ಹೆಸರಿನಲ್ಲೇ ಆತ ಸ್ತ್ರೀಲಿಂಗ ರೂಪವನ್ನು ಆರಿಸಿಕೊಂಡದ್ದನ್ನೂ ಗಮನಿಸಬೇಕು. ಆರೋಪಿ ಯಾರೆಂಬುದು ವ್ಯಾಕರಣದಲ್ಲೇ ತೀರ್ಮಾನವಾಗಿತ್ತು. ನಮ್ಮ ದೇಶದಲ್ಲೂ ಈ ಪಿಡುಗು ತಡೆಯಲು 1999ರಲ್ಲಿ ಬಿಹಾರ ಸರ್ಕಾರ ಮಾಡಿದ ಕಾನೂನಿನ ಶೀರ್ಷಿಕೆಯಲ್ಲಿರುವ ಪದ ‘ಡಾಯನ್’. ಉರ್ದುವಿನಲ್ಲಾಗಲಿ ಹಿಂದಿಯಲ್ಲಾಗಲಿ ಅದು ಹೆಂಗಸಿಗೆ ಮಾತ್ರ ಅಂಟುವ ಪದ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ನ್ಯಾಯದ ನಿಯಮಗಳೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. 1532ರಲ್ಲಿ ಜರ್ಮನ್ ಸಾಮ್ರಾಜ್ಯಕ್ಕೆ ಚಕ್ರವರ್ತಿ 5ನೇ ಚಾರ್ಲ್ಸ್ ಕೊಟ್ಟ ‘ಕರೋಲಿನಾ’ ಎಂಬ ದಂಡಸಂಹಿತೆಯಲ್ಲಿ, ಮಾಟದಿಂದ ಕೇಡು ಮಾಡಿದವರಿಗೆ ಬೆಂಕಿಯ ಶಿಕ್ಷೆ ಇತ್ತು ನಿಜ. ಆದರೆ ಸಾಕಷ್ಟು ಸುಳಿವುಗಳಿಲ್ಲದೆ ಯಾರಿಗೂ ಚಿತ್ರಹಿಂಸೆ ಕೊಡಬಾರದು, ಉತ್ತರವನ್ನು ಪ್ರಶ್ನೆಯಲ್ಲೇ ಹೇಳಿಕೊಡಬಾರದು, ತಪ್ಪೊಪ್ಪಿಗೆಯಲ್ಲಿ ಹೇಳಿದ್ದು ನಿಜವೇ ಎಂದು ಹೋಗಿ ನೋಡಬೇಕು ಎಂಬ ಕಟ್ಟಳೆಗಳೂ ಅದೇ ಸಂಹಿತೆಯಲ್ಲಿದ್ದವು. ಚಿತ್ರಹಿಂಸೆಯನ್ನು ಒಪ್ಪಿದ ಕಾನೂನು ಅದು. ಆದರೂ ಅದಕ್ಕೊಂದು ಬೇಲಿ ಇತ್ತು.

ಬೇಲಿಯನ್ನು ಮುರಿದ ಆಯುಧ ಒಂದೇ ಒಂದು ಪದ: ‘ಅಸಾಧಾರಣ ಅಪರಾಧ’. ಇದು ಎಲ್ಲ ಪಾಪಗಳಿಗಿಂತ ದೊಡ್ಡ ಪಾಪ, ಜೊತೆಗೆ ಗುಟ್ಟಾಗಿ ನಡೆಯುವಂಥದ್ದು, ಇದಕ್ಕೆ ಸಾಕ್ಷಿ ಸಿಗುವುದಿಲ್ಲ. ಆದ್ದರಿಂದ ಸಾಮಾನ್ಯ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ ಎಂಬ ವಾದ. ಇದನ್ನು ಬಲವಾಗಿ ಮಂಡಿಸಿದವರಲ್ಲಿ ಝಾಂ ಬೊದಾಂ ಒಬ್ಬ. ರಾಜ್ಯಶಾಸ್ತ್ರ ಓದುವವರಿಗೆ ಈ ಹೆಸರು ಪರಿಚಿತ. ಸಾರ್ವಭೌಮತ್ವದ ಸಿದ್ಧಾಂತವನ್ನು 1576ರ ತನ್ನ ಗ್ರಂಥದಲ್ಲಿ ಮಂಡಿಸಿದ ಅದೇ ಫ್ರೆಂಚ್ ವಿದ್ವಾಂಸ. 1580ರಲ್ಲಿ ಆತ ಮಾಟಗಾರರ ಬಗ್ಗೆ ಒಂದು ಗ್ರಂಥ ಬರೆದು, ಸಾಮಾನ್ಯ ಕ್ರಮ ಅನುಸರಿಸಿದರೆ ಹತ್ತು ಲಕ್ಷ ಮಾಟಗಾತಿಯರಲ್ಲಿ ಒಬ್ಬಳಿಗೂ ಶಿಕ್ಷೆಯಾಗದೆಂದು ವಾದಿಸಿದ. ಅದಕ್ಕೆ 17 ವರ್ಷ ಮೊದಲು ಯೋಹಾನ್ ವೈಯರ್ ಎಂಬ ವೈದ್ಯ, ಮಾಟಗಾತಿಯರೆಂದು ಹಿಡಿಯಲ್ಪಟ್ಟ ಮುದುಕಿಯರಲ್ಲಿ ಹಲವರು ಮನೋರೋಗದಿಂದ ಬಳಲುವವರು, ಅವರಿಗೆ ಬೇಕಾದದ್ದು ಚಿಕಿತ್ಸೆ ಎಂದು ಬರೆದಿದ್ದ. ಬೊದಾಂ ತನ್ನ ಗ್ರಂಥದ ಕೊನೆಯ ಭಾಗವನ್ನು ಆ ವೈದ್ಯನ ಖಂಡನೆಗೇ ಮೀಸಲಿಟ್ಟ. ಪಾಂಡಿತ್ಯ ಯಾವ ಕಡೆ ಹೆಚ್ಚಿತ್ತೆಂದು ನೋಡಿದರೆ ಬೊದಾಂ ಕಡೆಯೇ ಹೆಚ್ಚಿತ್ತು!

ಇದರ ಜೊತೆಗೆ ಇನ್ನೊಂದು ಸಮರ್ಥನೆ ಇತ್ತು, ಅದೇ ನನಗೆ ಅತ್ಯಂತ ಭಯಂಕರವೆನಿಸುವುದು. ಚಿತ್ರಹಿಂಸೆಯನ್ನು ದಯೆಯೆಂದು ವಿವರಿಸಲಾಯಿತು. ತಪ್ಪು ಒಪ್ಪಿಕೊಂಡು ಪಶ್ಚಾತ್ತಾಪ ಪಟ್ಟರೆ ದೇಹ ಸುಟ್ಟುಹೋದರೂ ಆತ್ಮ ಉಳಿಯುತ್ತದೆ. ಒಪ್ಪದೆ ಸತ್ತರೆ ಆತ್ಮಕ್ಕೂ ನಾಶ. ಆದ್ದರಿಂದ ಒಪ್ಪಿಸುವುದೇ ಉಪಕಾರ. ದ್ವೇಷದಿಂದ ಹೊಡೆಯುವವನು ಒಮ್ಮೆಯಾದರೂ ದಣಿಯುತ್ತಾನೆ. ಉಪಕಾರವೆಂದು ಹೊಡೆಯುವವನಿಗೆ ನಿಲ್ಲಿಸಲು ಕಾರಣವೇ ಸಿಗುವುದಿಲ್ಲ.

ಈ ಮಾತುಗಳು ನೆಲದ ಮೇಲೆ ಹೇಗೆ ನಡೆದವೆಂಬುದಕ್ಕೆ ಬವೇರಿಯಾದ ಬಾಂಬರ್ಗ್ ಪಟ್ಟಣವನ್ನು ನೋಡಬಹುದು. ಅಲ್ಲಿ ಬಿಷಪ್ಪರೇ ರಾಜರು. 1626ರ ಮೇ ತಿಂಗಳಲ್ಲಿ, ಬೇಸಿಗೆಯ ಹೊಸ್ತಿಲಲ್ಲಿ, ಆ ಪ್ರಾಂತದಲ್ಲಿ ಹಿಮ ಬಿದ್ದು ದ್ರಾಕ್ಷಿಯೂ ಧಾನ್ಯವೂ ಒಂದೇ ಸಲ ಸುಟ್ಟುಹೋದವು. ಆ ದಶಕಗಳಲ್ಲಿ ಯುರೋಪಿನ ಹವಾಮಾನವೇ ಹೆಚ್ಚು ತಣ್ಣಗಾಗಿತ್ತೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಜನರಿಗೆ ಅದು ಗೊತ್ತಿರಲಿಲ್ಲ. ಯಾರೋ ಮಾಡಿಸಿದ್ದೆಂದರು. 1627ರಲ್ಲಿ ರಾಜ-ಬಿಷಪ್ ಯೋಹಾನ್ ಗೆಯೋರ್ಗ್ ಫುಕ್ಸ್ ಫಾನ್ ಡೋರ್ನ್‌ಹೈಮ್ ಮಾಟದ ಆರೋಪಿಗಳಿಗೆಂದೇ ಒಂದು ಸೆರೆಮನೆ ಕಟ್ಟಿಸಿದ. ನೂರಾರು ಜನ ಸತ್ತರು. ಆರೋಪಿಗಳ ಆಸ್ತಿ ಜಪ್ತಿಯಾಗುತ್ತಿತ್ತು. ಹಣದಾಸೆಯಿಂದಲೇ ಇದೆಲ್ಲ ನಡೆಯಿತೆಂದು ಹೇಳುವವರಿದ್ದಾರೆ. ಆದರೆ ಜಪ್ತಿ ಇಲ್ಲದ ಊರುಗಳಲ್ಲೂ ಬೆಂಕಿ ಉರಿದಿದೆ. ಹಣ ಸೇರಿದರೆ ಬೆಂಕಿ ಬೇಗ ಹರಡುತ್ತದೆ ಎನ್ನುವುದು ಸರಿಯಾದೀತು. ಸಂಸ್ಥಾನದ ಮುಖ್ಯಾಧಿಕಾರಿಯಾಗಿದ್ದ ಗೆಯೋರ್ಗ್ ಹಾನ್ ಈ ವಿಚಾರಣೆಗಳ ವಿಷಯದಲ್ಲಿ ಮೃದುವಾಗಿದ್ದಾನೆಂಬ ಅನುಮಾನ ಬಂದು, ಅವನ ಹೆಂಡತಿ, ಮಗಳು, ಕೊನೆಗೆ ಅವನೂ ಬಲಿಯಾದರು.

1628ರ ಜೂನ್ ತಿಂಗಳಲ್ಲಿ ಅದೇ ಊರಿನ ನಗರಾಧ್ಯಕ್ಷ, 55 ವರ್ಷದ ಯೋಹಾನೆಸ್ ಯೂನಿಯಸ್ ಬಂಧಿತನಾದ. ಅವನ ಹೆಂಡತಿ ಅದಾಗಲೇ ಇದೇ ಆರೋಪದಲ್ಲಿ ಸತ್ತಿದ್ದಳು. ಅವನ ವಿಚಾರಣೆಯ ಅಧಿಕೃತ ಕಡತವೂ ಉಳಿದಿದೆ, ಜುಲೈ 24ರಂದು ಅವನು ಮಗಳು ವೆರೋನಿಕಾಗೆ ಗುಟ್ಟಾಗಿ ಬರೆದ ಪತ್ರವೂ ಉಳಿದಿದೆ. ಒಂದೇ ಘಟನೆಯನ್ನು ಎರಡು ಕಡೆಯಿಂದ ನೋಡುವ ಅವಕಾಶ ಇತಿಹಾಸದಲ್ಲಿ ಅಪರೂಪ. ಕಡತದ ಪ್ರಕಾರ ಅವನು ಮೊದಲು ನಿರಾಕರಿಸಿದ, ಚಿತ್ರಹಿಂಸೆಗೆ ಗುರಿಯಾದ, ಜುಲೈ 5ರಂದು ಎಲ್ಲವನ್ನೂ ಒಪ್ಪಿಕೊಂಡ. ಹೆಣ್ಣಿನ ರೂಪದಲ್ಲಿ ಬಂದವಳು ಮೇಕೆಯಾದಳು, ತಾನು ದೇವರನ್ನು ತ್ಯಜಿಸಿದೆ ಇತ್ಯಾದಿ. ಪತ್ರದಲ್ಲಿ ಇರುವುದು ಬೇರೆ. ಬೆರಳುಗಳನ್ನು ತಿರುಪಿನಲ್ಲಿಟ್ಟು ಹಿಂಡಿದ್ದರಿಂದ ಕೈ ಕೆಲಸಕ್ಕೆ ಬಾರದೆ, ಆ ಪತ್ರ ಬರೆಯಲು ಅವನಿಗೆ ಹಲವು ದಿನ ಹಿಡಿಯಿತು. ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಿಂದ ಎಂಟು ಬಾರಿ ಮೇಲೆತ್ತಿ ಬೀಳಿಸಿದರು. ಆಮೇಲೆ ಸೆರೆಮನೆಗೆ ಮರಳಿ ಕರೆತಂದ ಕೊಲೆಗಡುಕನೇ, ಏನಾದರೊಂದು ಕಟ್ಟಿ ಹೇಳಿಬಿಡಿ ಸ್ವಾಮಿ, ಇಲ್ಲದಿದ್ದರೆ ಇವರು ಬಿಡುವುದಿಲ್ಲ ಎಂದು ಅವನನ್ನು ಬೇಡಿಕೊಂಡ. ಒಪ್ಪಿಕೊಂಡ ಮೇಲೂ ಮುಗಿಯಲಿಲ್ಲ. ಸಭೆಯಲ್ಲಿ ಯಾರ್ಯಾರನ್ನು ಕಂಡೆ ಎಂಬ ಪ್ರಶ್ನೆ ಬಂತು. ಯಾರನ್ನೂ ಅರಿಯೆ ಎಂದಾಗ, ಊರಿನ ಬೀದಿಗಳನ್ನು ಒಂದೊಂದಾಗಿ ಹೇಳುತ್ತಾ, ಈ ಬೀದಿಯಲ್ಲಿ ಯಾರು, ಆ ಬೀದಿಯಲ್ಲಿ ಯಾರು ಎಂದು ಹೆಸರುಗಳನ್ನು ಹಿಂಡಿ ತೆಗೆದರು.

ಯೂನಿಯಸ್ ವಿರುದ್ಧ ಸಾಕ್ಷಿ ಹೇಳಿದವರು ಆರು ಮಂದಿ. ಅವರನ್ನೂ ಹೀಗೆಯೇ ಹಿಂಡಲಾಗಿತ್ತು. ಸಾಯುವ ಮೊದಲು ಅವರೆಲ್ಲ ದೇವರ ಹೆಸರಿನಲ್ಲಿ ತನ್ನ ಕ್ಷಮೆ ಕೇಳಿದರೆಂದು ಅವನು ಮಗಳಿಗೆ ತಿಳಿಸುತ್ತಾನೆ. ಮಾಡದ ತಪ್ಪನ್ನು ಒಬ್ಬರ ಮೇಲೆ ಹೊರಿಸುವುದಕ್ಕೆ ಉರ್ದುವಿನಲ್ಲಿ ‘ಬೋಹ್ತಾನ್’ ಎಂಬ ಪದವಿದೆ. ಹೊರಿಸಿದವನನ್ನೇ ದೋಷಿಯಾಗಿಸುವ ಪದ ಅದು. ಆದರೆ ಬಾಂಬರ್ಗಿನಲ್ಲಿ ಬೋಹ್ತಾನ್ ಹೊರಿಸಿದವರೂ ಹೊತ್ತವರೂ ಒಂದೇ ಕೋಣೆಯಲ್ಲಿ ಒಂದೇ ಹಗ್ಗಕ್ಕೆ ನೇತಾಡಿದವರು. ದೋಷಿ ಮೇಜಿನ ಆಚೆ ಕುಳಿತು ಬರೆದುಕೊಳ್ಳುತ್ತಿದ್ದ. ಆಗಸ್ಟ್ ತಿಂಗಳಲ್ಲಿ ಯೂನಿಯಸ್‌ಗೆ ಮರಣದಂಡನೆಯಾಯಿತು.

ಇದನ್ನೆಲ್ಲ ಒಳಗಿನಿಂದ ನೋಡಿ ಬರೆದವನು ಫ್ರೀಡ್ರಿಖ್ ಸ್ಪೇ ಎಂಬ ಜೆಸುಯಿಟ್ ಪಾದ್ರಿ. 1591ರಲ್ಲಿ ರೈನ್ ನದಿ ದಡದ ಕೈಸರ್ಸ್‌ವೆರ್ತ್‌ನಲ್ಲಿ ಹುಟ್ಟಿದವನು, ಅಧ್ಯಾಪಕ, ಒಳ್ಳೆಯ ಕವಿ. ಶಿಕ್ಷೆಗೊಳಗಾದವರ ಕೊನೆಯ ತಪ್ಪೊಪ್ಪಿಗೆ ಕೇಳುವ ಕೆಲಸ ಅವನ ಪಾಲಿಗೂ ಬಂದಿತ್ತು. ನ್ಯಾಯಾಧೀಶರ ಮುಂದೆ ಒಪ್ಪಿಕೊಂಡವರು ಪಾದ್ರಿಯ ಕಿವಿಯಲ್ಲಿ ಬೇರೆಯೇ ಹೇಳುತ್ತಿದ್ದರು. 1631ರಲ್ಲಿ ‘ಕೌಟಿಯೊ ಕ್ರಿಮಿನಾಲಿಸ್’ ಎಂಬ ಅವನ ಪುಸ್ತಕ ಹೆಸರಿಲ್ಲದೆ ಅಚ್ಚಾಯಿತು. ಹೆಸರು ಹಾಕಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಸ್ಪೇ ತೋರಿಸಿದ್ದು ಇಷ್ಟು: ಈ ವಿಚಾರಣೆಯಲ್ಲಿ ನಿರಪರಾಧಿಗೆ ಬಾಗಿಲೇ ಇಲ್ಲ. ಆರೋಪಿಯ ಹಿಂದಿನ ನಡತೆ ಕೆಟ್ಟದಿದ್ದರೆ ಅದು ಅಪರಾಧದ ಸುಳಿವು. ಒಳ್ಳೆಯದಿದ್ದರೆ, ಮಾಟಗಾತಿಯರು ಸಜ್ಜನರ ವೇಷ ಹಾಕುತ್ತಾರೆ, ಆದ್ದರಿಂದ ಅದೂ ಸುಳಿವು. ಹೆದರಿದರೆ ಮನಸ್ಸಾಕ್ಷಿ ಚುಚ್ಚುತ್ತಿದೆ. ಹೆದರದಿದ್ದರೆ ಸೈತಾನ ಧೈರ್ಯ ಕೊಟ್ಟಿದ್ದಾನೆ. ಹಿಂಸೆಯಲ್ಲಿ ಒಪ್ಪಿದರೆ ಮುಗಿಯಿತು. ಒಪ್ಪದೆ ತಡೆದುಕೊಂಡರೆ ಸೈತಾನ ನಾಲಿಗೆ ಕಟ್ಟಿದ್ದಾನೆ. ಸೆರೆಯಲ್ಲೇ ಸತ್ತರೆ ಸೈತಾನನೇ ಕುತ್ತಿಗೆ ಮುರಿದ. ಮೊದಲ ಹಂತದ ಹಿಂಸೆಯನ್ನು ಚಿತ್ರಹಿಂಸೆಯ ಲೆಕ್ಕಕ್ಕೇ ಹಿಡಿಯದೆ, ಆರೋಪಿ ‘ಸ್ವಇಚ್ಛೆಯಿಂದ’ ಒಪ್ಪಿದಳೆಂದು ಕಡತದಲ್ಲಿ ಬರೆಯುತ್ತಿದ್ದುದನ್ನೂ ಅವನು ಬಯಲಿಗೆಳೆದ. ಇದೇ ಹಿಂಸೆಯನ್ನು ನ್ಯಾಯಾಧೀಶರಿಗೂ ಪಾದ್ರಿಗಳಿಗೂ ಕೊಟ್ಟರೆ ಅವರೆಲ್ಲರೂ ಮಾಟಗಾರರೇ ಆಗುತ್ತಾರೆಂಬುದು ಅವನ ಮಾತಿನ ಸಾರ. ಗಮನಿಸಬೇಕಾದ ಸಂಗತಿಯೆಂದರೆ, ಮಾಟಗಾತಿಯರು ಇಲ್ಲವೇ ಇಲ್ಲವೆಂದು ಸ್ಪೇ ಹೇಳಲಿಲ್ಲ. ಆ ವಾದಕ್ಕೆ ಇಳಿಯುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಈ ದಾರಿಯಲ್ಲಿ ಹೋದರೆ ಸತ್ಯ ಸಿಗದೆಂದು ತೋರಿಸಿದರೆ ಸಾಕಾಯಿತು.

ತರುಣ ಸ್ಪೇಯ ತಲೆ ಯಾಕೆ ಬೆಳ್ಳಗಾಯಿತೆಂದು ಒಬ್ಬ ಕೇಳಿದಾಗ, ಚಿತೆಯವರೆಗೆ ತಾನು ಜೊತೆಗೆ ಹೋದ ನಿರಪರಾಧಿಗಳ ದುಃಖದಿಂದ ಎಂದು ಅವನು ಉತ್ತರಿಸಿದನೆಂಬ ಕಥೆಯನ್ನು ತತ್ತ್ವಜ್ಞಾನಿ ಲೈಬ್‌ನಿಟ್ಸ್ ದಾಖಲಿಸಿದ್ದಾನೆ. ಹಾಗೆ ಕೇಳಿದವನು ಫಿಲಿಪ್ ಫಾನ್ ಶೋನ್‌ಬೋರ್ನ್. ಮುಂದೆ ಮೈನ್ಸ್‌ನ ಆರ್ಚ್‌ಬಿಷಪ್ ಆದಾಗ ಅವನು ತನ್ನ ಸೀಮೆಯಲ್ಲಿ ಸುಡುವುದನ್ನು ನಿಲ್ಲಿಸಿದ. ಸ್ಪೇ 1635ರಲ್ಲಿ ಟ್ರಿಯರ್ ಪಟ್ಟಣದಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡುತ್ತಾ ಸಾಂಕ್ರಾಮಿಕ ರೋಗ ತಗಲಿ ತೀರಿಕೊಂಡ.

ಸ್ಪೇಗಿಂತ 20 ವರ್ಷ ಮೊದಲೇ ಸ್ಪೇನಿನಲ್ಲಿ ಒಬ್ಬ ಅಧಿಕಾರಿ ಇದೇ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆಯುವ ಬದಲು ಹಳ್ಳಿಹಳ್ಳಿ ಸುತ್ತಿ ಪರೀಕ್ಷಿಸಿದ್ದ. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ನಾಡಿನಲ್ಲಿ 1609ರಲ್ಲಿ ಭೀತಿ ಎದ್ದಿತು. ಫ್ರಾನ್ಸಿನ ಕಡೆ ಪಿಯೆರ್ ದ ಲಾಂಕ್ರ್ ಎಂಬ ನ್ಯಾಯಾಧೀಶ ಕೆಲವೇ ತಿಂಗಳಲ್ಲಿ ಡಜನ್‌ಗಟ್ಟಲೆ ಜನರನ್ನು ಸುಡಿಸಿದ. ಸ್ಪೇನಿನ ಕಡೆ ಸುಗರ್ರಮುರ್ದಿ ಮೊದಲಾದ ಹಳ್ಳಿಗಳ ಜನರನ್ನು ಲೊಗ್ರೋನ್ಯೊ ಪಟ್ಟಣದ ಇನ್‌ಕ್ವಿಸಿಷನ್ ನ್ಯಾಯಪೀಠ ಹಿಡಿದು ತಂದಿತು. 1610ರ ನವೆಂಬರ್ 7 ಮತ್ತು 8ರಂದು ತೀರ್ಪು ಬಂತು. ಆರು ಜನರನ್ನು ಜೀವಂತ ಸುಟ್ಟರು. ಸೆರೆಯಲ್ಲೇ ಸತ್ತಿದ್ದ ಐವರ ಪ್ರತಿಕೃತಿಗಳನ್ನು ಸುಟ್ಟರು. ಹಾಗೆ ಸತ್ತ ಆರೂ ಜನ ಕೊನೆಯವರೆಗೆ ಆರೋಪ ನಿರಾಕರಿಸಿದವರು. ತಪ್ಪು ಒಪ್ಪಿಕೊಂಡ 18 ಜನರಿಗೆ ಜೀವದಾನ ಸಿಕ್ಕಿತು. ಸುಳ್ಳಿಗೆ ಬಹುಮಾನ, ಸತ್ಯಕ್ಕೆ ಬೆಂಕಿ.

ಆ ಪೀಠದ ಮೂವರಲ್ಲಿ ಕಿರಿಯ ಅಲೋನ್ಸೊ ದೆ ಸಲಾಸಾರ್ ಫ್ರಿಯಾಸ್. ಒಬ್ಬ ಹೆಂಗಸಿನ ವಿಷಯದಲ್ಲಿ ಪುರಾವೆ ಸಾಲದೆಂದು ಅವನು ಭಿನ್ನಮತ ಬರೆದಿದ್ದ. ಉಳಿದವುಗಳಿಗೆ ಸಹಿ ಹಾಕಿದ್ದ. 1611ರ ಮೇ ತಿಂಗಳಲ್ಲಿ ಅವನು ಕ್ಷಮಾದಾನದ ಆಜ್ಞೆ ಹಿಡಿದು ಬೆಟ್ಟದ ಹಳ್ಳಿಗಳಿಗೆ ಹೊರಟ. ಎಂಟು ತಿಂಗಳ ನಂತರ ತಂದದ್ದು 1,802 ಜನರ ಹೇಳಿಕೆಗಳು. ಅವರಲ್ಲಿ 1,384 ಮಂದಿ ಮಕ್ಕಳು! ಶಿಕ್ಷೆಯ ಭಯವಿಲ್ಲದೆ ಕೇಳಿದಾಗ, ಎಂಬತ್ತಕ್ಕೂ ಹೆಚ್ಚು ಜನರು ತಾವು ಹಿಂದೆ ಹೇಳಿದ್ದು ಸುಳ್ಳೆಂದು ಹಿಂತೆಗೆದುಕೊಂಡರು.

ಸಲಾಸಾರ್ ಮಾಡಿದ ಪರೀಕ್ಷೆಗಳನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಸಭೆ ಸೇರಿದ ಜಾಗ ಎಲ್ಲಿ, ಹೋದದ್ದು ಹೇಗೆ, ತಿಂದದ್ದು ಏನು ಎಂದು ಒಂದೇ ಊರಿನವರನ್ನು ಪ್ರತ್ಯೇಕವಾಗಿ ಕೇಳಿಸಿದ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂಡಲಿಲ್ಲ. ಸೈತಾನನೊಂದಿಗೆ ಕೂಡಿದೆವೆಂದ ಹುಡುಗಿಯರನ್ನು ಸೂಲಗಿತ್ತಿಯರು ಪರೀಕ್ಷಿಸಿ, ಅವರು ಕನ್ಯೆಯರೆಂದರು. ಹಾರಲು ಹಚ್ಚಿಕೊಳ್ಳುವ ಮುಲಾಮು ಎಂದು ತಂದಿಟ್ಟ 22 ಮಡಕೆಗಳನ್ನು ವೈದ್ಯರಿಗೆ ತೋರಿಸಿದ, ಪ್ರಾಣಿಗಳಿಗೆ ತಿನ್ನಿಸಿದ, ಏನೂ ಆಗಲಿಲ್ಲ. ಕಿರುಕುಳ ತಾಳದೆ ಜನರು ಮಸಿ, ಕೊಬ್ಬು ಕಲಸಿ ಏನನ್ನೋ ಮಾಡಿಕೊಟ್ಟಿದ್ದರು. ಒಂದು ಊರಿನ ಮಕ್ಕಳು, ಸಂತ ಯೋಹಾನನ ಹಬ್ಬದ ರಾತ್ರಿ ಇಂಥ ಬಯಲಿನಲ್ಲಿ ಮಹಾಸಭೆ ನಡೆಯಿತೆಂದರು. ಆ ರಾತ್ರಿ ಸಲಾಸಾರನ ಇಬ್ಬರು ಗುಮಾಸ್ತರು ಅದೇ ಬಯಲಿನಲ್ಲಿದ್ದರು. ಅವರಿಗೆ ಯಾರೂ ಕಾಣಲಿಲ್ಲ. ಇನ್ನೊಂದು ಊರಿನಲ್ಲಿ ಸನ್ಯಾಸಿಯೊಬ್ಬ ಬಂದು ಮಾಟಗಾತಿಯರ ಬಗ್ಗೆ ಪ್ರವಚನ ಮಾಡಿದ ಮೇಲೆಯೇ ಮಕ್ಕಳಿಗೆ ಇಂಥ ಕನಸುಗಳು ಬೀಳತೊಡಗಿದವು. ಈ ವಿಷಯವನ್ನು ಜನ ಮಾತಾಡುವ ಮತ್ತು ಬರೆಯುವ ಮೊದಲು ಅಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಒಳಗಾದವರೂ ಇರಲಿಲ್ಲ ಎಂಬ ತೀರ್ಮಾನಕ್ಕೆ ಅವನು ಬಂದ.

ಹಿರಿಯ ಸಹೋದ್ಯೋಗಿಗಳಿಬ್ಬರೂ ವಿರೋಧಿಸಿದರು. ಸಲಾಸಾರನಿಗೂ ಸೈತಾನ ಮಂಕುಬೂದಿ ಎರಚಿದ್ದಾನೆಂಬ ಮಾತೂ ಬಂತು. ಆದರೆ ಮ್ಯಾಡ್ರಿಡ್‌ನ ಮೇಲಿನ ಮಂಡಲಿ 1614ರ ಆಗಸ್ಟ್‌ನಲ್ಲಿ ಅವನ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿ ಆಜ್ಞೆ ಹೊರಡಿಸಿತು. ಸತ್ತಿದ್ದಾರೆಂದು ಹೇಳುವ ಮಗು ನಿಜವಾಗಿ ಸತ್ತಿದೆಯೇ, ಬೇರೆ ಕಾರಣವಿರಬಹುದೇ ಎಂದು ಮೊದಲು ನೋಡಬೇಕು, ಆಲಿಕಲ್ಲು ಮಾಟವಿಲ್ಲದೆಯೂ ಬೀಳುತ್ತದೆಂದು ಜನರಿಗೆ ತಿಳಿಹೇಳಬೇಕು ಎಂಬ ಸೂಚನೆಗಳು ಅದರಲ್ಲಿವೆ. ಅಲ್ಲಿಂದ ಮುಂದೆ ಸ್ಪ್ಯಾನಿಷ್ ಇನ್‌ಕ್ವಿಸಿಷನ್ ಮಾಟದ ಆರೋಪಿಗಳನ್ನು ಸುಡುವುದನ್ನು ಬಹುತೇಕ ನಿಲ್ಲಿಸಿತು. ಕ್ಯಾಟಲೋನಿಯಾದಂಥ ಕಡೆ ಸ್ಥಳೀಯ ನ್ಯಾಯಾಲಯಗಳು ಮಾತ್ರ ಇನ್ನೂ ಕೆಲವು ವರ್ಷ ಗಲ್ಲಿಗೇರಿಸುತ್ತಲೇ ಇದ್ದವು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. 1609ರಲ್ಲೇ ಸ್ಪೇನಿನ ದೊರೆ 3ನೇ ಫಿಲಿಪ್, ಮತಾಂತರಗೊಂಡ ಮುಸ್ಲಿಮರ ವಂಶದವರಾದ ಮೊರಿಸ್ಕೊಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಮಾಡಿದ. 1614ರ ಹೊತ್ತಿಗೆ ಸುಮಾರು 3 ಲಕ್ಷ ಜನ ಹಡಗು ಹತ್ತಬೇಕಾಯಿತು. ಒಳಗೊಳಗೇ ಶತ್ರುಗಳ ಜೊತೆ ಸೇರಿದ್ದಾರೆ, ಮೇಲೆ ಸಜ್ಜನರಂತೆ ಕಾಣುತ್ತಾರೆ ಎಂಬುದೇ ಅವರ ಮೇಲಿನ ಮುಖ್ಯ ದೂರು. ಬಾಸ್ಕ್ ಬೆಟ್ಟಗಳಲ್ಲಿ ಒಬ್ಬೊಬ್ಬರನ್ನೂ ಕೂರಿಸಿ ಪುರಾವೆ ಹುಡುಕಿದ ಅದೇ ಐದು ವರ್ಷಗಳಲ್ಲಿ, ವೇಲೆನ್ಸಿಯಾದ ಹಳ್ಳಿಗಳಿಗೆ ಯಾವ ಸಲಾಸಾರನೂ ಹೋಗಲಿಲ್ಲ.

ಅಮೆರಿಕದ ಸೇಲಂ ಪ್ರಕರಣವನ್ನು ವಿದ್ಯಾರ್ಥಿಗಳು ಇಂಗ್ಲಿಷ್ ಪಾಠಗಳಲ್ಲಿ ಕೇಳಿರಬಹುದು. 1692ರಲ್ಲಿ ಅಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಉತ್ತರ ಕೊಡಲು ಒಪ್ಪದ ಜೈಲ್ಸ್ ಕೋರಿ ಎಂಬ ವೃದ್ಧನ ಮೇಲೆ ಕಲ್ಲು ಹೇರಿ ಕೊಂದರು. ಆರೋಪಿಯ ಛಾಯೆ ಬಂದು ತಮ್ಮನ್ನು ಪೀಡಿಸಿತೆಂದು ಬಾಲಕಿಯರು ಹೇಳಿದ್ದನ್ನೇ ಸಾಕ್ಷ್ಯವಾಗಿ ಸ್ವೀಕರಿಸಲಾಗಿತ್ತು. ಅಕ್ಟೋಬರಿನಲ್ಲಿ ಗವರ್ನರ್ ಆ ನ್ಯಾಯಾಲಯವನ್ನೇ ರದ್ದು ಮಾಡಿದ. ಮರುವರ್ಷ ಹೊಸ ನ್ಯಾಯಾಲಯ ಛಾಯೆಯ ಸಾಕ್ಷ್ಯವನ್ನು ಬದಿಗಿಟ್ಟಿತು. ಸಾಕ್ಷ್ಯದ ನಿಯಮವೊಂದು ಬದಲಾದ ಕೂಡಲೇ 50ಕ್ಕೂ ಹೆಚ್ಚು ಆರೋಪಿಗಳಲ್ಲಿ ಮೂವರನ್ನು ಬಿಟ್ಟು ಎಲ್ಲರೂ ಖುಲಾಸೆಯಾದರು. 1697ರಲ್ಲಿ ನ್ಯಾಯಾಧೀಶರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸೀವಲ್, ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿ ಓದುವಾಗ ಇಡೀ ಸಭೆಯ ಮುಂದೆ ಎದ್ದು ನಿಂತಿದ್ದ. 1711ರಲ್ಲಿ ಸರ್ಕಾರ ಹಲವರ ಶಿಕ್ಷೆಯನ್ನು ರದ್ದುಗೊಳಿಸಿ, ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿತು.

1693ರ ಜನವರಿಯಲ್ಲಿ ದೋಷಿಗಳೆಂದು ತೀರ್ಮಾನವಾದ ಆ ಮೂವರಲ್ಲಿ 22 ವರ್ಷದ ಎಲಿಜಬೆತ್ ಜಾನ್ಸನ್ ಒಬ್ಬಳು. ಗವರ್ನರ್ ತಡೆದದ್ದರಿಂದ ಜೀವ ಉಳಿಯಿತು. ಆದರೆ 1711ರ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಮದುವೆ, ಮಕ್ಕಳು ಇಲ್ಲದ ಕಾರಣ ಅವಳ ಪರವಾಗಿ ಅರ್ಜಿ ಹಾಕುವ ಮೊಮ್ಮಕ್ಕಳೂ ಇರಲಿಲ್ಲ. ಮುಂದೆ ಬೇರೆಯವರ ಹೆಸರುಗಳನ್ನು ಒಂದೊಂದಾಗಿ ಸೇರಿಸಿದಾಗಲೂ ಅವಳದು ಬಿಟ್ಟುಹೋಯಿತು. ಅದೇ ಪ್ರಾಂತದ ನಾರ್ತ್ ಆಂಡೋವರ್ ಪಟ್ಟಣದ ಶಾಲೆಯೊಂದರ 8ನೇ ತರಗತಿಯ ಮಕ್ಕಳು ಪೌರನೀತಿ ಪಾಠದ ಯೋಜನೆಯಾಗಿ ಈ ಪ್ರಕರಣವನ್ನು ಕೈಗೆತ್ತಿಕೊಂಡರು. ಹಳೆಯ ಕಡತಗಳನ್ನು ಓದಿದರು, ಶಾಸಕರಿಗೆ ಪತ್ರ ಬರೆದರು, ಮಸೂದೆ ತಯಾರಿಸಲು ನೆರವಾದರು. ಮೊದಲು ಓದಿದ ಮಕ್ಕಳು ಮುಂದಿನ ತರಗತಿಗೆ ಹೋದ ಮೇಲೆ ಹೊಸದಾಗಿ ಬಂದವರು ಕೆಲಸ ಮುಂದುವರಿಸಿದರು. 2022ರ ಜುಲೈ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಎಲಿಜಬೆತ್ ಜಾನ್ಸನ್‌ಳ ಹೆಸರನ್ನು ನಿರಪರಾಧಿಗಳ ಪಟ್ಟಿಗೆ ಸೇರಿಸಿತು. ಸೇಲಂ ಪ್ರಕರಣದಲ್ಲಿ ಉಳಿದಿದ್ದ ಕೊನೆಯ ಹೆಸರು ಅದು.